ಪದಚರ್ಚೆ: ವೆಬ್ ಆ್ಯಪ್‌ನ 'ರೂಟ್'ಗೆ ದಾರಿ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ವೆಬ್ ಫ್ರೇಮ್‌ವರ್ಕ್‌ಗೆ (ವೆಬ್ ಆ್ಯಪ್ ಕಟ್ಟಲು ಬಳಸುವ ಸಿದ್ಧ ಕೋಡ್) ಹೊಸ ಕಮಾಂಡ್ ಸೇರಿಸುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಅದನ್ನು ಟೈಪ್ ಮಾಡಿದರೆ ಆ ಅಪ್ಲಿಕೇಶನ್‌ನಲ್ಲಿರುವ ರೂಟ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಇಂಥದ್ದು ರೈಲ್ಸ್ ಎಂಬ ಫ್ರೇಮ್‌ವರ್ಕ್‌ನಲ್ಲಿ ಬಹಳ ಹಿಂದಿನಿಂದ ಇದೆ. ಲಾರಾವೆಲ್‌ನಲ್ಲೂ ಇದೆ. ಫ್ಲಾಸ್ಕ್‌ಗೆ 2018ರಲ್ಲಿ, 1.0 ಆವೃತ್ತಿಯ ಜೊತೆ ಬಂತು. ನನ್ನ ಕೋಡ್ ಮುಗಿದಿದೆ. ಅದರ ಹೆಲ್ಪ್ ಪುಟವನ್ನು ಕನ್ನಡದಲ್ಲಿ ಬರೆಯಲು ಕೂತಾಗ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ.

ಪ್ರೋಗ್ರಾಮಿಂಗ್ ಪರಿಚಯ ಇಲ್ಲದವರಿಗೆ ಒಂದು ಮಾತು. ಬ್ರೌಸರ್ '/ಪುಸ್ತಕ/12' ಎಂಬ ವಿಳಾಸ ಕೇಳಿತು ಅಂದುಕೊಳ್ಳಿ. ಆ ಕೋರಿಕೆಗೆ ಯಾವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್‌ನ ತುಣುಕು) ಉತ್ತರ ಕೊಡಬೇಕು ಅಂತ ಮೊದಲೇ ಗೊತ್ತುಮಾಡಿ ಇಟ್ಟಿರುತ್ತೇವೆ. ಆ ಏರ್ಪಾಡೇ ರೂಟ್. ಕಮಾಂಡ್ ತೋರಿಸುವ ಒಂದು ಸಾಲಿನಲ್ಲಿ ಕೋರಿಕೆಯ ವಿಧಾನ, ವಿಳಾಸ, ಫಂಕ್ಷನ್‌ನ ಹೆಸರು ಹೀಗಿರುತ್ತವೆ:

ಗೆಟ್   /ಪುಸ್ತಕ/:ಸಂಖ್ಯೆ   ಪುಸ್ತಕ_ತೋರಿಸು

'ರೂಟ್' ಅಂತಲೇ ಇಟ್ಟರೆ ಆಗದೇ? ಎಲ್ಲರೂ ಬಳಸುವ ಮಾತೇ ಅಲ್ವಾ? ನಾನೂ ಮೊದಲು ಹಾಗೇ ಬರೆದೆ. ಆದರೆ ಇಂಗ್ಲಿಷಿನಲ್ಲಿ ದಾರಿ ಎಂಬರ್ಥದ ರೂಟ್‌ಗೂ ಬೇರು ಎಂಬರ್ಥದ ರೂಟ್‌ಗೂ ಕಾಗುಣಿತ ಬೇರೆ. ನಮ್ಮ ಲಿಪಿಯಲ್ಲಿ ಎರಡೂ ಒಂದೇ. ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರ ಇರುವ ಬಳಕೆದಾರನ ಹೆಸರೂ ರೂಟ್. ಫೈಲ್‌ಗಳ ತುತ್ತತುದಿಯ ಡೈರೆಕ್ಟರಿಯೂ ರೂಟ್. ಅಷ್ಟೇ ಅಲ್ಲ, ವೆಬ್ ಅಪ್ಲಿಕೇಶನ್‌ನ ಮುಖಪುಟದ ವಿಳಾಸ, ಅಂದರೆ ಬರೀ '/' ಗುರುತು, ಅದೂ ರೂಟ್. ಆ ಮುಖಪುಟಕ್ಕೆ ಏರ್ಪಾಡು ಇಲ್ಲದಿದ್ದಾಗ ಬರುವ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ನೋಡಿದೆ: 'ರೂಟ್ ರೂಟ್ ಸಿಗಲಿಲ್ಲ.' ಓದುವವರಿಗೆ ಇದರಿಂದ ಏನು ತಿಳಿಯಬೇಕು? ಕೆಲವರು ದಾರಿಯದ್ದನ್ನು 'ರೌಟ್' ಅನ್ನುತ್ತಾರೆ. ಹಾಗಂತ ಬರೆದರೆ ಗೊಂದಲ ಹೋಗುತ್ತದೆ ನಿಜ. ಆದರೆ 'ರೂಟ್' ಅನ್ನುವವರೇ ಜಾಸ್ತಿ, ಅವರಿಗೆ ಅದು ತಪ್ಪಚ್ಚಿನಂತೆ ಕಾಣುತ್ತದೆ.

ಹಾಗಾಗಿ ಕನ್ನಡದ ಪದವೇ ಬೇಕು ಅನ್ನಿಸಿತು. 'ಮಾರ್ಗ' ಸರಿಯೇ, ಆದರೆ ಅದಕ್ಕೆ 'ವಿಧಾನ' ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಪಕ್ಕದ ಕಾಲಂನಲ್ಲೇ ಗೆಟ್, ಪೋಸ್ಟ್ ಎಂಬ ವಿಧಾನಗಳು ಇರುವಾಗ ಇದು ತೊಡಕು. 'ಜಾಡು' ಅಂದರೆ ಯಾರೋ ನಡೆದು ಹೋದ ಗುರುತು. ಅದು ಲಾಗ್‌ಗೆ, ಅಂದರೆ ನಡೆದದ್ದನ್ನು ಬರೆದಿಡುವ ದಾಖಲೆಗೆ ಒಪ್ಪುತ್ತದೆ, ಇದಕ್ಕಲ್ಲ. ಹಳಗನ್ನಡದಲ್ಲಿ ದಾರಿಗೆ 'ಬಟ್ಟೆ' ಎಂಬ ಚೆಂದದ ಪದವಿತ್ತು. ಇವತ್ತು ಅದನ್ನು ಬಳಸಿದರೆ ಎಲ್ಲರ ಕಣ್ಣ ಮುಂದೆ ಬರುವುದು ಉಡುವ ಬಟ್ಟೆ. 'ಹಾದಿ' ನನಗೆ ಇಷ್ಟ, ಆದರೆ ಹಾದಿಯಲ್ಲಿ ನಡೆಯುವುದು ಮುಖ್ಯ, ದಾರಿಯಲ್ಲಿ ತಲುಪುವುದು ಮುಖ್ಯ ಅಂತ ನನ್ನ ಕಿವಿಗೆ ಕೇಳಿಸುತ್ತದೆ.

'ದಾರಿ'ಯನ್ನು ವಾಕ್ಯಗಳಲ್ಲಿ ಕೂರಿಸಿ ನೋಡಿದೆ. 'ಈ ಫಂಕ್ಷನ್‌ಗೆ ದಾರಿಯೇ ಇಲ್ಲ.' 'ಎರಡು ದಾರಿಗಳು ಒಂದೇ ಫಂಕ್ಷನ್‌ಗೆ ಹೋಗುತ್ತವೆ.' 'ಮುಖಪುಟಕ್ಕೆ ದಾರಿ ಸಿಗಲಿಲ್ಲ.' ಮೂರನ್ನೂ ವಿವರಿಸಬೇಕಾಗಿಲ್ಲ, ಓದಿದ ಕೂಡಲೇ ಅರ್ಥವಾಗುತ್ತವೆ. ಇದನ್ನು ನೋಡಿದ ಮೇಲೆ ನನ್ನ ಮನಸ್ಸು 'ದಾರಿ'ಗೇ ವಾಲಿದೆ. ವಿಳಾಸದ ಭಾಗವನ್ನು 'ವಿಳಾಸ' ಅಂತಲೇ ಕರೆದರೆ ಎರಡೂ ಬೆರೆಯುವುದಿಲ್ಲ.

ಹಾಗಾದರೆ ಬಂದ ಕೋರಿಕೆಯನ್ನು ಸರಿಯಾದ ದಾರಿಗೆ ಕಳಿಸುವ ರೌಟರ್‌ಗೆ? ನನಗೆ 'ಕೈಮರ' ನೆನಪಾಯಿತು. ದಾರಿ ಕವಲೊಡೆಯುವಲ್ಲಿ ನಿಂತು 'ಇತ್ತ ಹೋಗಿ' ಅಂತ ತೋರಿಸುವ ಕಂಬ. ಕೋಡ್ ಮಾಡುವ ಕೆಲಸವೂ ಅದೇ. ಮನೆಯಲ್ಲಿ ವೈಫೈ ಕೊಡುವ ಪೆಟ್ಟಿಗೆಗೆ ಈ ಹೆಸರು ಬೇಡ, ಅದು ರೌಟರ್ ಆಗಿಯೇ ಇರಲಿ.

ಇನ್ನು ಕ್ರಿಯಾಪದ. 'ದಾರಿಗಳನ್ನು ಪಟ್ಟಿ ಮಾಡು' ಅಂದರೆ ಕೂತು ಹೊಸದಾಗಿ ಪಟ್ಟಿ ಬರೆಯುವಂತೆ ಕೇಳಿಸುತ್ತದೆ. ಕಮಾಂಡ್ ಇರುವುದನ್ನು ತೋರಿಸುತ್ತದೆ ಅಷ್ಟೇ. ಅದಕ್ಕೇ 'ದಾರಿಗಳ ಪಟ್ಟಿಯನ್ನು ತೋರಿಸುತ್ತದೆ' ಅಂತ ಬರೆದಿದ್ದೇನೆ. ಫ್ಲಾಸ್ಕ್‌ನಲ್ಲಿ ಇರುವಂತೆ, ಕೋರಿಕೆ ಬಂದಾಗ ಯಾವ ದಾರಿಯನ್ನು ಮೊದಲು ನೋಡಲಾಗುತ್ತದೋ ಆ ಕ್ರಮದಲ್ಲಿ ಜೋಡಿಸುವ ಆಯ್ಕೆಯೂ ಇದೆ. ಅದಕ್ಕೆ 'ತಾಳೆ ನೋಡುವ ಕ್ರಮ' ಅಂತ ಇಟ್ಟೆ. ಇಲ್ಲಿ 'ಹೊಂದಾಣಿಕೆ' ಬೇಡ. ಅದು ಕೇಳಿದರೆ ರಾಜಿ ನೆನಪಾಗುತ್ತದೆ.

ಒಂದು ಅಡ್ಡ ಮಾತು. ಕಾಲಂಗಳ ತಲೆಬರಹ ಕನ್ನಡದಲ್ಲಿ ಹಾಕಿದ ಕೂಡಲೇ ಸಾಲು ಓರೆಯಾಯಿತು. ನಮ್ಮ ಕಣ್ಣಿಗೆ 'ದಾರಿ' ಎರಡಕ್ಷರ, ಪೈಥಾನ್ ಭಾಷೆಯ ಲೆಕ್ಕದಲ್ಲಿ ನಾಲ್ಕು: ದ, ಇಳಿ, ರ, ಗುಡಿಸು. 'ವಿಳಾಸ' ಐದು. ಆ ಲೆಕ್ಕದ ಮೇಲೆ ಖಾಲಿ ಜಾಗ ತುಂಬಿದರೆ ಕಾಲಂ ನೆಟ್ಟಗೆ ನಿಲ್ಲುವುದಿಲ್ಲ. ಸದ್ಯಕ್ಕೆ ತಲೆಬರಹವನ್ನು ಬೇರೆ ಸಾಲಿಗೆ ಹಾಕಿದ್ದೇನೆ.

ನನಗೆ ಬೇಕಿರುವುದು ನಿಮ್ಮ ಅಭಿಪ್ರಾಯ. ದಿನಾ ಕೋಡ್ ಬರೆಯುವವರ ಬಾಯಲ್ಲಿ 'ದಾರಿ' ನಿಲ್ಲುತ್ತದೆಯೇ? 'ಕೈಮರ' ಕೇಳಿದಾಗ ನಿಮಗೆ ಕಂಬ ಕಾಣುತ್ತದೆಯೇ, ಅಥವಾ ಅದಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯೇ?