ಮಂಜು ಬಿದ್ದಾಗ ಟವರ್ ಲೈನ್ ಚಿರಗುಟ್ಟುತ್ತದೆ, ಜೋರು ಮಳೆ ಆದಮೇಲೆ ಸುಮ್ಮನಾಗುತ್ತದೆ. ಯಾಕೆ?

ಮುಂಜಾನೆ_ನಡಿಗೆ:
ನಾನು ದಿನಾ ಬೆಳಿಗ್ಗೆ ನಡೆಯುವ ದಾರಿಗೆ ಅಡ್ಡವಾಗಿ ದೊಡ್ಡ ಟವರ್ ಲೈನ್ ಹೋಗಿದೆ. ಒಣ ಹವೆಯಲ್ಲಿ ಏನೂ ಕೇಳಿಸುವುದಿಲ್ಲ. ಮಂಜು ಬಿದ್ದ ದಿನ ಮಾತ್ರ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಚಿರ್ ಚಿರ್ ಸದ್ದು. ಒಂದು ದಿನ ಇನ್ನೂ ಕತ್ತಲಿತ್ತು, ತಂತಿ ಹಿಡಿದಿರುವ ಗಾಜಿನ ಬಟ್ಟಲುಗಳ ಸರದ ಮೇಲೆ ನೇರಳೆ ಬಣ್ಣದ ಸಣ್ಣ ಕಿಡಿ ಹರಿದಾಡಿದ್ದನ್ನೂ ನೋಡಿದೆ. ಎಲ್ಲಾ ನೀರಿನಿಂದ ಅಂದುಕೊಂಡಿದ್ದೆ. ಆದರೆ ನಾಲ್ಕು ದಿನ ಜೋರು ಮಳೆ ಸುರಿದು ನಿಂತ ಮೇಲೆ ಮತ್ತೆ ಅಷ್ಟೇ ದಟ್ಟ ಮಂಜು ಬಿತ್ತು, ಆಗ ಸದ್ದು ಇಲ್ಲವೇನೋ ಅನ್ನುವಷ್ಟು ಕಡಿಮೆ. ಇದು ಹೇಗೆ? ಇನ್ನೊಂದು ವಿಷಯ: ಒಂದು ಸರದ ಮಧ್ಯದಲ್ಲಿ ಗಾಜಿನ ಬಟ್ಟಲೇ ಇಲ್ಲ, ಬರೀ ಕಬ್ಬಿಣದ ಮೋಟು ಕಾಣುತ್ತದೆ. ತಂತಿ ಕಳಚಿ ಬೀಳುತ್ತದಾ?

ಲೈನ್_ಕೆಲಸ:
ನೀರೊಂದೇ ಆಗಿದ್ದರೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ ಸರ್. ಕೊಳೆಯೂ ನೀರೂ ಸೇರಿದಾಗಲೇ ಕಷ್ಟ. ಬೇಸಿಗೆಯಿಡೀ ಇನ್ಸುಲೇಟರ್ ಮೇಲೆ, ಅಂದರೆ ಕರೆಂಟ್ ಟವರ್‌ಗೆ ಹರಿಯದಂತೆ ತಡೆಯುವ ಆ ಬಟ್ಟಲುಗಳ ಮೇಲೆ, ಧೂಳು, ಸಿಮೆಂಟ್ ಪುಡಿ, ಸಮುದ್ರ ಹತ್ತಿರವಿದ್ದರೆ ಉಪ್ಪು, ಹಕ್ಕಿ ಹಿಕ್ಕೆ ಎಲ್ಲಾ ಕೂರುತ್ತದೆ. ಒಣಗಿದ್ದಾಗ ಅದು ಏನೂ ಮಾಡುವುದಿಲ್ಲ. ಮಂಜು ಬಂದಾಗ ಕೊಳೆ ನೆನೆಯುತ್ತದೆ, ಆದರೆ ತೊಳೆದು ಹೋಗುವುದಿಲ್ಲ. ಉಪ್ಪು ಕರಗಿ ತೆಳುವಾದ ಪದರ ಆಗುತ್ತದೆ, ಅದರಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಆ ಕರೆಂಟ್‌ನ ಬಿಸಿಗೆ ಪದರದ ಒಂದು ಕಡೆ, ಸಾಮಾನ್ಯವಾಗಿ ಬಟ್ಟಲಿನ ಅಡಿಯ ಕಬ್ಬಿಣದ ಪಿನ್ ಸುತ್ತ, ಬೇಗ ಒಣಗಿ ಒಂದು ಪಟ್ಟಿ ಆಗುತ್ತದೆ. ಈಗ ವೋಲ್ಟೇಜ್‌ನ ಹೆಚ್ಚು ಪಾಲು ಆ ಸಣ್ಣ ಒಣ ಪಟ್ಟಿಯ ಮೇಲೇ ಬೀಳುತ್ತದೆ, ಅಲ್ಲಿ ಕಿಡಿ ಹಾರುತ್ತದೆ. ನೀವು ನೋಡಿದ ನೇರಳೆ ಬೆಳಕು ಅದೇ ಇರಬೇಕು. ಕಿಡಿಗಳು ಒಂದಕ್ಕೊಂದು ಕೂಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಹಬ್ಬಿದರೆ ಅದೇ ಫ್ಲ್ಯಾಶ್‌ಓವರ್, ಆಗ ಲೈನ್ ಟ್ರಿಪ್, ಅಂದರೆ ತಾನಾಗೇ ಬಂದ್.

ಜೋರು ಮಳೆ ಹೆಚ್ಚಿನ ಕೊಳೆಯನ್ನು ತೊಳೆದು ಬಿಡುತ್ತದೆ. ಅದಕ್ಕೇ ಆಮೇಲಿನ ಮಂಜಿಗೆ ಸದ್ದಿಲ್ಲ. ನಮಗೆ ಹೆದರಿಕೆ ತಿಂಗಳುಗಟ್ಟಲೆ ಒಣಗಿದ ಮೇಲೆ ಬರುವ ಮೊದಲ ಮಂಜು, ಮೊದಲ ತುಂತುರು.

ಬಟ್ಟಲಿನ ಅಡಿಯಲ್ಲಿ ಏಣು ಏಣಾಗಿ ಬಳೆಗಳಿರುವುದನ್ನು ನೋಡಿದ್ದೀರಾ? ಕೆಳಗೆ ಒಂದಿಷ್ಟು ಜಾಗ ಒಣಗಿರಲಿ, ಮೇಲ್ಮೈ ಮೇಲೆ ಕರೆಂಟ್ ನಡೆಯಬೇಕಾದ ದಾರಿಯೂ ಉದ್ದವಾಗಲಿ ಅಂತ ಅವು. ಈ ಬಟ್ಟಲಿಗೆ ನಾವು ಡಿಸ್ಕ್ ಅನ್ನುತ್ತೇವೆ, ಸಾಮಾನ್ಯ ಡಿಸ್ಕ್ ಒಂದರ ಎತ್ತರ 146 ಮಿ.ಮೀ. ಆದರೆ ಗಾಜಿನ ಮೇಲೆ ಹರಿದು ಹೋಗುವ ದಾರಿ ಸುಮಾರು 290 ಮಿ.ಮೀ. ಕೊಳೆ ಜಾಸ್ತಿ ಇರುವ ಕಡೆ ಇನ್ನೂ ಆಳದ ಬಳೆಗಳಿರುವ ಆಂಟಿ ಫಾಗ್ ಡಿಸ್ಕ್ ಹಾಕುತ್ತಾರೆ.

ಪಿಂಗಾಣಿ_ಗಾಜು:
ಆ ಮೋಟಿನ ಬಗ್ಗೆ ಹೇಳುತ್ತೇನೆ. ತಂತಿ ಬೀಳುವ ಭಯ ಬೇಡ. ಅದು ಗಟ್ಟಿಗೊಳಿಸಿದ ಗಾಜು, ಒಡೆದರೆ ಅಂಚಿನ ಭಾಗ ಪೂರ್ತಿ ಚೂರುಚೂರಾಗಿ ಉದುರುತ್ತದೆ. ಆದರೆ ಮೇಲಿನ ಕಬ್ಬಿಣದ ಟೋಪಿಯ ಒಳಗೆ ಗಾಜು ಸಿಮೆಂಟಿನ ಜೊತೆ ಅದುಮಿಕೊಂಡು ಕೂತೇ ಇರುತ್ತದೆ, ಭಾರ ಹೊರುತ್ತಲೇ ಇರುತ್ತದೆ. ಒಂದು ಡಿಸ್ಕ್‌ನ ನಿರೋಧ ಹೋಯಿತು ಅಷ್ಟೇ, ಉಳಿದವು ಆ ವೋಲ್ಟೇಜ್ ಹಂಚಿಕೊಳ್ಳುತ್ತವೆ.

ಗಾಜನ್ನು ನಾನು ಮೆಚ್ಚುವುದು ಇದಕ್ಕೇ. ಕೆಟ್ಟರೆ ನೆಲದಲ್ಲಿ ನಿಂತವರಿಗೂ ಕಾಣುತ್ತದೆ. ಪಿಂಗಾಣಿಯದು ಹಾಗಲ್ಲ, ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಹೊರಗಿನ ಕಂದು ಮೆರುಗು ಹೊಸದರಂತೆ ಹೊಳೆಯುತ್ತಿರುತ್ತದೆ. ನಾನು ಒಂದು ಸಲ ಬಿಚ್ಚಿ ಇಳಿಸಿದ ಡಿಸ್ಕ್ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ, ಎಲ್ಲೂ ಒಂದು ಗೀರಿಲ್ಲ. ನಿರೋಧ ಅಳೆಯುವ ಮೆಗ್ಗರ್ ಇಟ್ಟರೆ ಮುಳ್ಳು ಸೀದಾ ಸೊನ್ನೆಗೆ!

ಎಣಿಕೆ_ಪ್ರಿಯ:
ನಡೆಯುವಾಗ ಡಿಸ್ಕ್ ಎಣಿಸಿ ನೋಡಿ, ಲೈನ್ ವೋಲ್ಟೇಜ್ ಅಂದಾಜು ಸಿಗುತ್ತದೆ. 9-10 ಇದ್ದರೆ 132 ಕೆವಿ (1 ಕೆವಿ ಅಂದರೆ ಸಾವಿರ ವೋಲ್ಟ್), 13-15 ಇದ್ದರೆ 220 ಕೆವಿ, 23ರ ಆಸುಪಾಸು ಇದ್ದರೆ 400 ಕೆವಿ. ಕೊಳೆ ಇರುವ ಜಾಗದಲ್ಲಿ ಒಂದೆರಡು ಜಾಸ್ತಿ ಇರಬಹುದು. 220 ಅಂದರೆ ತಂತಿ ತಂತಿಯ ನಡುವಿನ ಲೆಕ್ಕ, ತಂತಿಯಿಂದ ಟವರ್‌ಗೆ ಸುಮಾರು 127 ಕೆವಿ. 14 ಡಿಸ್ಕ್‌ಗೆ ಸಮ ಹಂಚಿದರೆ ತಲಾ 9 ಕೆವಿ ಬರಬೇಕು, ಅಲ್ವಾ? ಆದರೆ ಹಾಗೆ ಹಂಚಿಕೆ ಆಗುವುದಿಲ್ಲ. ಪ್ರತಿ ಡಿಸ್ಕ್‌ನ ಕಬ್ಬಿಣಕ್ಕೂ ಟವರ್‌ಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ, ಅಲ್ಲಲ್ಲೇ ಕರೆಂಟ್ ಸೋರುತ್ತದೆ. ಹಾಗಾಗಿ ತಂತಿಗೆ ಅಂಟಿಕೊಂಡ ಡಿಸ್ಕ್ ಮೇಲೇ ಎಲ್ಲಕ್ಕಿಂತ ಹೆಚ್ಚು ಹೊರೆ. ದೊಡ್ಡ ಲೈನ್‌ಗಳಲ್ಲಿ ತಂತಿಯ ತುದಿಗೆ ಲೋಹದ ಬಳೆ ಹಾಕಿರುತ್ತಾರಲ್ಲ, ಆ ಹೊರೆ ಸ್ವಲ್ಪ ಹಂಚಿಹೋಗಲಿ ಅಂತಲೇ.

ಲೈನ್_ಕೆಲಸ:
ಈಗ ಸಿಲಿಕಾನ್ ರಬ್ಬರ್‌ನವು ಬಂದಿವೆ, ಅದನ್ನೂ ಹೇಳಬೇಕು. ತೂಕ ತುಂಬಾ ಕಡಿಮೆ, ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ನಿಲ್ಲುತ್ತದೆ, ಪದರ ಕಟ್ಟುವುದಿಲ್ಲ. ಕೊಳೆ ಕೂತರೂ ಸಿಲಿಕಾನ್‌ನ ಆ ಗುಣ ಮೆಲ್ಲಗೆ ಕೊಳೆಗೂ ಹತ್ತುತ್ತದೆ. ಆದರೆ ರಬ್ಬರ್ ಸೀಳಿ ಒಳಗಿನ ಫೈಬರ್ ಗ್ಲಾಸ್ ಸರಳಿಗೆ ನೀರು ಹೋದರೆ ಅದು ಪಟ್ ಅಂತ ಮುರಿಯಬಹುದು, ಆಗ ತಂತಿ ನಿಜವಾಗಿಯೂ ಬೀಳುತ್ತದೆ.

ಮುಂಜಾನೆ_ನಡಿಗೆ:
ಇವತ್ತು ಎಣಿಸಿದೆ, ಮೋಟನ್ನೂ ಸೇರಿಸಿ 14. ಸುಮ್ನೆ ಹೆದರಿದ್ದೆ. ಮೋಟಿನ ಬಗ್ಗೆ ಲೈನ್‌ನವರಿಗೆ ತಿಳಿಸಬೇಕಾ?

ಲೈನ್_ಕೆಲಸ:
ತಿಳಿಸಿ ಸರ್. ಟವರ್ ಕಾಲಿನ ಬಳಿ ಫಲಕದಲ್ಲಿ ನಂಬರ್ ಇರುತ್ತದೆ, ಅದನ್ನು ದೂರದಿಂದಲೇ ಓದಿಕೊಳ್ಳಿ, ಹತ್ತಬೇಡಿ. ಯಾವ ಕಡೆಯ ತೋಳು, ಮೇಲಿನಿಂದ ಎಷ್ಟನೇ ಡಿಸ್ಕ್ ಅಂತ ಹೇಳಿದರೆ ಹುಡುಕುವ ಕೆಲಸ ಉಳಿಯುತ್ತದೆ.