ಸಹಾಯ ಬೇಕು: ಕುಡಿತ ಬಿಟ್ಟು 74 ದಿನ, ಸಂಜೆ ಹೊತ್ತು ಹೇಗೆ ಕಳೆಯಲಿ?

ಎಲ್ಲರಿಗೂ ನಮಸ್ಕಾರ. 14 ವರ್ಷ ದಿನಾ ಕುಡಿದವನು ನಾನು. ಬಿಟ್ಟು ಇವತ್ತಿಗೆ 74 ದಿನ. ಡಾಕ್ಟರ್ ಕೊಟ್ಟ ಮಾತ್ರೆ ತಗೊಂಡೇ ಬಿಟ್ಟೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬಿಡಬೇಕು ಅಂತಿರುವವರು ದಯವಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.

ಮೊದಲ ವಾರ ಕೈ ನಡುಗಿ ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಮೊನ್ನೆ ಮಗಳ ಪೆನ್ಸಿಲ್ ತಗೊಂಡು ಸುಮ್ನೆ ಒಂದು ಗುಬ್ಬಿ ಬರೆದೆ. ಗೆರೆ ನೆಟ್ಟಗೆ ಬಂತು! ಶಾಲೆಯಲ್ಲಿದ್ದಾಗ ಚಿತ್ರ ಬರೆಯುತ್ತಿದ್ದೆ ಅನ್ನೋದೇ ಮರೆತುಹೋಗಿತ್ತು. "ಅಪ್ಪಾ, ನೀನೇ ಬರೆದದ್ದಾ?" ಅಂದಳು. ಕಣ್ಣು ತುಂಬಿ ಬಂತು.

ಕಷ್ಟ ಇರೋದು ಸಂಜೆ ಏಳರಿಂದ ಒಂಬತ್ತರವರೆಗೆ. ಆಸೆ ಎದ್ದರೂ ಅರ್ಧ ಗಂಟೆ ತಡೆದುಕೊಂಡರೆ ಇಳಿಯುತ್ತೆ, ಅದು ಗೊತ್ತಾಗಿದೆ. ಆದರೆ ಆ ಹೊತ್ತು ಮನಸ್ಸೆಲ್ಲ ಖಾಲಿ ಖಾಲಿ. ಗೆಳೆಯರೆಲ್ಲ ಜೊತೆಗೆ ಕುಡಿದವರೇ. ಅವರ ಫೋನ್ ಬಂದರೆ ಎತ್ತಲು ಭಯ.

ಬಿಟ್ಟು ವರ್ಷ ದಾಟಿದವರು ಇದ್ದೀರಾ? ಗೆಳೆಯರಿಗೆ ಏನಂತ ಹೇಳಿದಿರಿ? ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ ಗುಂಪಿನ ಸಭೆಗೆ ಹೋಗೋಣ ಅಂತಿದ್ದೇನೆ. 1935ರಲ್ಲಿ ಕುಡಿತ ಬಿಡಲು ಒದ್ದಾಡುತ್ತಿದ್ದ ಇಬ್ಬರೇ ಸೇರಿ ಶುರು ಮಾಡಿದ್ದಂತೆ, ಓದಿ ಧೈರ್ಯ ಬಂತು. ಮೊದಲ ದಿನವೇ ಮಾತಾಡಬೇಕಾ, ಸುಮ್ನೆ ಕೂತು ಕೇಳಬಹುದಾ? ಹೋಗಿ ಬಂದವರು ತಿಳಿಸಿ.