ಅಪ್‌ಡೇಟ್: ಸರ್ವೇಯರ್ ಕಣ್ಣಿಗೆ ಬೀಳದ ತೇವದ ಕಥೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೊಂಡ ಮನೆಯ ಗೋಡೆಯ ತೇವ ಲೆವೆಲ್ 2 ಸರ್ವೆ (ಕೊಳ್ಳುವ ಮೊದಲು ಸರ್ವೇಯರ್ ಮನೆಯ ಸ್ಥಿತಿಯನ್ನು ಕಣ್ಣಳತೆಯಲ್ಲಿ ಪರೀಕ್ಷಿಸೋದು) ವರದಿಯಲ್ಲಿ ಇರಲೇ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಸೀದಾ ಸರ್ವೇಯರ್‌ಗಳ ವೃತ್ತಿಪರ ಸಂಸ್ಥೆ ಆರ್‌ಐಸಿಎಸ್‌ಗೆ ದೂರು ಕೊಡಿ ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ. ಸದಸ್ಯರು ನಿಯಮ ಮುರಿದರಾ ಅಂತ ಅವರು ನೋಡುತ್ತಾರೆ, ಪರಿಹಾರ ಕೊಡಿಸುವ ಅಧಿಕಾರ ಅವರಿಗಿಲ್ಲ. ಮೊದಲು ಸರ್ವೆ ಕಂಪನಿಗೇ ಲಿಖಿತ ದೂರು, 8 ವಾರದಲ್ಲಿ ಬಗೆಹರಿಯದಿದ್ದರೆ ಓಂಬುಡ್ಸ್‌ಮನ್ (ದೂರು ಬಗೆಹರಿಸುವ ಸ್ವತಂತ್ರ ವ್ಯವಸ್ಥೆ) ಅಂದವರಿಗೆ ಥ್ಯಾಂಕ್ಸ್, ಅದೇ ಕೆಲಸ ಮಾಡಿತು.

ಸೋಫಾ ಅಡ್ಡ ಇತ್ತು, ಸಾಮಾನು ಸರಿಸಿ ನೋಡಲ್ಲ ಅಂತ ಕಂಪನಿಯವರು ಮೊದಲು ಜಾರಿಕೊಂಡರು. ಮಾರಾಟದ ಜಾಹೀರಾತಿನ ಹಳೇ ಫೋಟೋದಲ್ಲಿ ಅದೇ ಗೋಡೆ ಖಾಲಿ, ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಮೇಲೆ ಅಂಗೈಯಗಲ ಕಂದು ಕಲೆ! ಅದನ್ನು ಕಳಿಸಿದ ಮೇಲೆ ದನಿ ಮೆತ್ತಗಾಯಿತು. ಮೊನ್ನೆ ಕಂಪನಿಯಿಂದ 1,200 ಪೌಂಡ್ ಪರಿಹಾರ ಬಂತು. ರಿಪೇರಿ ಖರ್ಚಿಗಿಂತ ಕಡಿಮೆ, ಯಾಕಂದ್ರೆ ಲೆಕ್ಕ ಹಾಕೋದು ನಾನು ಕೊಟ್ಟ ಬೆಲೆಗೂ ತೇವ ಇರುವ ಮನೆಯ ನಿಜವಾದ ಬೆಲೆಗೂ ಇರುವ ವ್ಯತ್ಯಾಸವನ್ನಂತೆ. ಇದು ನನಗೆ ಗೊತ್ತೇ ಇರಲಿಲ್ಲ.